ಬರೋ ತಿಂಗಳದ್ದು ಒಂದೇ ಒಂದು

ಡಾಕ್ಟರು ಬೆಳಿಗ್ಗೆ ಒಂದು, ರಾತ್ರಿ ಒಂದು ಅಂತ ಬಿ.ಪಿ. ಮಾತ್ರೆ ಬರೆದುಕೊಟ್ಟರೆ ನಮ್ಮ ಸಾಹೇಬರು ಆ ಚೀಟಿಯನ್ನು ಮುಟ್ಟಲೇ ಇಲ್ಲವಂತೆ. ಕುರ್ಚಿಯನ್ನು ಒಂದಿಷ್ಟು ಮುಂದಕ್ಕೆ ಎಳೆದುಕೊಂಡು, "ಒಂದಕ್ಕೆ ಮಾಡ್ಕೊಳ್ಳಿ ಸಾರ್, ನಾನೇನು ಒಂದಿನದ ಗಿರಾಕಿ ಅಲ್ಲ" ಅಂದರಂತೆ. ಇದು ಸೊಪ್ಪಿನ ಅಂಗಡಿಯಲ್ಲ ಎಂದು ಡಾಕ್ಟರು ಗದರಿದರು. ಸಾಹೇಬರು ಎದ್ದರು, ಬಾಗಿಲವರೆಗೆ ಹೋದರು, ವಾಪಸು ಕರೆಯುತ್ತಾರೇನೋ ಎಂದು ತಿರುಗಿ ನೋಡಿದರು. ಡಾಕ್ಟರು ಕರೆದದ್ದು ಮುಂದಿನ ರೋಗಿಯನ್ನು. ಅಷ್ಟಕ್ಕೆ ಸೋಲುವ ಪೈಕಿಯೇ ನಮ್ಮವರು? ಮನೆಗೆ ಬಂದು ತಮಗೆ ತಾವೇ ಒಂದೂವರೆಗೆ ಇತ್ಯರ್ಥ ಮಾಡಿಕೊಂಡು, ದಿನಕ್ಕೆ ಅರ್ಧ ಮಾತ್ರೆ ಗೆದ್ದೆ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದರು.

ಕಳೆದ ಮಳೆಗಾಲದಲ್ಲಿ ಅವರು ಹೋಗಿಬಿಟ್ಟರು. ಆ ಅರ್ಧ ಮಾತ್ರೆಗೂ ಸಾವಿಗೂ ಸಂಬಂಧ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದಿದ್ದರೂ ಅವರ ಮೇಲೆ ನನಗೆ ಸಿಟ್ಟಿದೆ, ಇನ್ನೂ ಇಳಿದಿಲ್ಲ. ಹೆಸರು ಬರೆಯುವುದಿಲ್ಲ. ಬರೆದರೆ ಅವರ ಮನೆಯವರು ಬಂದು, ಹೊಗಳಿದ್ದನ್ನು ಸ್ವಲ್ಪ ಏರಿಸಿ, ಬೈದದ್ದನ್ನು ಸ್ವಲ್ಪ ಇಳಿಸಿ ಎಂದು ನನ್ನ ಮುಂದೆ ಕೂತುಬಿಡುತ್ತಾರೆ. ಆ ಮನೆಯ ನೀರೇ ಹಾಗೆ.

ನಾನು ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಮೈಕಿನ ಮುಂದೆ ಕೂತು ಲಾಟಿನ ನಂಬರು ಹೇಳುವವಳು. ರೈತರು ತಂದ ಗೂಡನ್ನು ಜಾಲರಿಗಳಲ್ಲಿ ಸುರಿದಿರುತ್ತಾರೆ. ರೀಲರುಗಳು, ಅಂದರೆ ಆ ಗೂಡನ್ನು ಬೇಯಿಸಿ ನೂಲು ತೆಗೆಯುವವರು, ಸಾಲು ಸಾಲಾಗಿ ನೋಡಿಕೊಂಡು ಬಂದು ಹರಾಜು ಕೂಗುತ್ತಾರೆ. ಕೂಗುತ್ತಿದ್ದರು ಎನ್ನಬೇಕು. ಸಾಹೇಬರೂ ಒಬ್ಬ ರೀಲರು. ಆ ಕಾಲದಲ್ಲಿ ಅವರು ಇಲ್ಲಿ ಕೂಗಿದರೆ ರೈಲ್ವೆ ಸ್ಟೇಷನ್ನಿನಲ್ಲಿ ನಿಂತವರು ಬೆಚ್ಚಿಬೀಳುತ್ತಿದ್ದರು ಎಂದು ಹಳಬರು ಹೇಳುತ್ತಾರೆ. ಆಮೇಲೆ ಹರಾಜು ಮೊಬೈಲಿಗೆ ಬಂತು. ಈಗ ಎಲ್ಲರೂ ತಲೆ ತಗ್ಗಿಸಿ ಬೆರಳಲ್ಲಿ ಒತ್ತುತ್ತಾರೆ, ಯಾರು ಎಷ್ಟು ಒತ್ತಿದರೆಂದು ಪಕ್ಕದವನಿಗೂ ತಿಳಿಯುವುದಿಲ್ಲ. ಸಾಹೇಬರಿಗೆ ಒತ್ತಲು ಬರುತ್ತಿತ್ತು. ಆದರೆ ಜಗಳವಾಡದೆ ಕೊಂಡ ಗೂಡಿನಲ್ಲಿ ನೂಲು ಸರಿಯಾಗಿ ಬಿಚ್ಚಿಕೊಳ್ಳುವುದಿಲ್ಲ ಎಂಬುದು ಅವರ ಗಟ್ಟಿ ನಂಬಿಕೆ. ಹೀಗೆ ಕೆಲಸ ಕಳೆದುಕೊಂಡ ಅವರ ಬಾಯಿ ಬೇರೆ ಕೆಲಸ ಹುಡುಕಿಕೊಂಡು ಊರೆಲ್ಲ ಅಲೆಯತೊಡಗಿತು.

ಗೇಟಿನ ಹೊರಗೆ ಮರಳವಾಡಿ ಕಡೆಯ ಹೆಂಗಸೊಬ್ಬಳು ಸೊಪ್ಪು ಮಾರುತ್ತಾಳೆ. ಸಾಹೇಬರು ಬರುವುದು ಕಂಡರೆ ಸಾಕು, ಕೊತ್ತಂಬರಿ ಕಟ್ಟಿನ ಮೇಲೆ ಐದು ರೂಪಾಯಿ ಏರಿಸಿಕೊಂಡು ಕಾಯುತ್ತಿದ್ದಳು. ಅವಳು ಏರಿಸಿದ್ದು ಅವರಿಗೂ ಗೊತ್ತು. ಇಬ್ಬರೂ ಅರ್ಧ ಗಂಟೆ ಗುದ್ದಾಡಿ ಮೊದಲಿನ ಬೆಲೆಗೇ ಬಂದು ನಿಲ್ಲುತ್ತಿದ್ದರು. ಗೆದ್ದ ಖುಷಿಗೆ ಸಾಹೇಬರು ಅವಳಿಗೊಂದು ಟೀ ಹೇಳುತ್ತಿದ್ದರು. ಟೀ ದುಡ್ಡು ಕೊತ್ತಂಬರಿಗಿಂತ ಜಾಸ್ತಿ. ಇದ್ಯಾವ ವ್ಯಾಪಾರ ಸಾಹೇಬ್ರೇ ಎಂದು ಕೇಳಿದರೆ, ಟೀ ಬೇರೆ ಖಾತೆ ಅನ್ನುತ್ತಿದ್ದರು. ನನ್ನ ಹತ್ತಿರ ನನ್ನ ದನಿಗೇ ಚೌಕಾಸಿ. ಕಿಟಕಿಯಲ್ಲಿ ತಲೆ ತೂರಿಸಿ, ಮೈಕು ಹತ್ತರಲ್ಲಿದೆ, ಆರಕ್ಕೆ ಇಳಿಸಿ ಅನ್ನುವರು. ನಾನು ಹನ್ನೊಂದಕ್ಕೆ ಏರಿಸುತ್ತಿದ್ದೆ.

ಈ ವಿದ್ಯೆಗೆ ಅವರದ್ದೇ ಒಂದು ಶಾಸ್ತ್ರ ಇತ್ತು. ಬೇಕಾದ ವಸ್ತುವಿನ ಮೇಲೆ ಕಣ್ಣು ಹಾಕಬಾರದು, ಪಕ್ಕದ್ದನ್ನು ನೋಡಬೇಕು. ಬೆಲೆ ಕೇಳಿದ ತಕ್ಷಣ ನಗಬೇಕು, ಕಡಿಮೆ ಇದ್ದರೂ ನಗಬೇಕು. ಕುದುರದಿದ್ದರೆ ಎದ್ದು ನಡೆಯಬೇಕು. ಎಲ್ಲಕ್ಕಿಂತ ದೊಡ್ಡದು, ಮೊತ್ತ ಹೇಳಬಾರದು. ಮೊತ್ತ ಕೇಳಿದರೆ ಎಂಥ ಗಟ್ಟಿ ಮನುಷ್ಯನೂ ಹೆದರುತ್ತಾನೆ, ಒಂದೊಂದೇ ಕೇಳಬೇಕು, ಒಂದು ಕೇಳಿದರೆ ಇಲ್ಲ ಅನ್ನಲು ಯಾರಿಗೂ ಬಾಯಿ ಬರುವುದಿಲ್ಲ ಎನ್ನುತ್ತಿದ್ದರು. ಇದನ್ನೆಲ್ಲ ಕೇಳಿಸಿಕೊಳ್ಳಲು ಅವರಿಗೆ ಶಿಷ್ಯರಿರಲಿಲ್ಲ. ಜಯಮ್ಮ ಬಂದ ಮೇಲೆ ಆ ಕೊರತೆಯೂ ನೀಗಿತು.

ಜಯಮ್ಮನ ಗಂಡ ಪುಟ್ಟಸ್ವಾಮಿ ವಿರೂಪಾಕ್ಷಿಪುರದ ಹತ್ತಿರದ ರೈತ. ಬಾಯಿ ಸತ್ತ ಮನುಷ್ಯ, ಎಷ್ಟಕ್ಕೆ ಹರಾಜಾದರೂ ಸರಿ ಎಂದು ತಲೆಯಾಡಿಸಿ ಹೋಗುವವನು. ಅವರ ಮಗಳು ಚೈತ್ರ ಎರಡನೇ ಕ್ಲಾಸಿನಲ್ಲಿದ್ದಾಗ ರಕ್ತದ ಕ್ಯಾನ್ಸರು ಅಂತ ಗೊತ್ತಾಯಿತು. ಜಯಮ್ಮ ಮಗಳನ್ನು ಕರೆದುಕೊಂಡು ಹೋಗಿ ಬೆಂಗಳೂರಿನ ಆಸ್ಪತ್ರೆಯ ಹತ್ತಿರ ರೂಮು ಮಾಡಿಕೊಂಡಿದ್ದಳು, ಊರಿನಲ್ಲಿ ಹುಳ, ಹಿಪ್ಪುನೇರಳೆ, ದನ ಎಲ್ಲ ಪುಟ್ಟಸ್ವಾಮಿಯ ತಲೆ ಮೇಲೆ. ಅವನು ಗೂಡು ತರುವ ದಿನವನ್ನೇ ನೋಡಿಕೊಂಡು ಅವಳು ಮಗಳ ಜೊತೆ ರೈಲಿನಲ್ಲಿ ರಾಮನಗರಕ್ಕೆ ಬಂದು ಇಳಿಯುತ್ತಿದ್ದಳು. ಗೂಡು ತಂದ ಟೆಂಪೋ ಹೇಗೂ ಖಾಲಿ ವಾಪಸು ಹೋಗುತ್ತದಲ್ಲ, ಅದರಲ್ಲೇ ಮೂವರೂ ಊರಿಗೆ ಹೋದರೆ ಬಸ್ ಚಾರ್ಜು ಉಳಿಯುತ್ತದೆ. ಆ ಲೆಕ್ಕ ಕೇಳಿದಾಗಲೇ ಮನೆಯ ಪರಿಸ್ಥಿತಿ ನನಗೆ ಅರ್ಥವಾಗಿತ್ತು.

ಮಗುವನ್ನು ಜನಜಂಗುಳಿಯಲ್ಲಿ, ಧೂಳಿನಲ್ಲಿ ಇರಿಸಬೇಡಿ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ನಮ್ಮಲ್ಲಿ ಅವೆರಡನ್ನು ಬಿಟ್ಟು ಬೇರೇನಿದೆ? ಹಾಗಾಗಿ ಅವಳನ್ನು ನನ್ನ ಮೈಕಿನ ಕೋಣೆಯಲ್ಲಿ ಕೂರಿಸಿಕೊಂಡೆ. ತಲೆಗೆ ಟೋಪಿ, ಮೂತಿಗೆ ಮಾಸ್ಕು, ಮಧ್ಯೆ ಎರಡು ಕಿಲಾಡಿ ಕಣ್ಣು. ಸಾಹೇಬರು ದನಿ ಇಳಿಸಿ ಅನ್ನಲು ಬಂದವರು ಅವಳನ್ನು ಕಂಡು ಹೊಸಿಲಿನ ಆಚೆಯೇ ನಿಂತರು. ಅಂದಿನಿಂದ ಅವರು ಆ ಹೊಸಿಲು ದಾಟಲಿಲ್ಲ, ಬಾಯಿ ಮಾತ್ರ ದಾಟುತ್ತಿತ್ತು.

ಬೆಂಗಳೂರಿನಲ್ಲಿ ರೂಮಿಗೆ ಏನು ಕೊಡುತ್ತೀರಿ ಎಂದು ಅವರು ಕೇಳಿದ್ದು ಸುಮ್ಮನೆ ಮಾತಿಗೆ. ಜಯಮ್ಮ ಹೇಳಿದಳು. ಸಾಹೇಬರು ಎದೆ ಹಿಡಿದುಕೊಂಡು ಗೋಡೆಗೊರಗಿದರು.

"ಕೇಳಿದಷ್ಟೂ ಕೊಟ್ರೇನಮ್ಮ?"

"ಊಂ ಸಾಬ್ರೇ. ಮಗಿಗೆ ಉಸಾರಿಲ್ದಾಗ ಯಾರ ತಾವ ಜಗಳಾಡೋದು?"

ಆಮೇಲೆ ಒಂದೊಂದೇ ಹೊರಬಂತು. ದೊಡ್ಡ ಖರ್ಚಿಗೆ ಸರ್ಕಾರದ ಕಾರ್ಡು ಇತ್ತು. ಆದರೆ ರೂಮು, ಆಟೋ, ಊಟ, ಹೊರಗೆ ಬರೆದುಕೊಡುವ ಟೆಸ್ಟು, ಬಾಯಿ ಹುಣ್ಣಾದ ಮಗು ನುಂಗುವಂಥ ಎರಡು ತುತ್ತು, ಇವು ಯಾವುದೂ ಕಾರ್ಡಿನಲ್ಲಿಲ್ಲ. "ಕಾರ್ಡ್ನಾಗೆ ಮದ್ದು ಬತ್ತದೆ ಸಾಬ್ರೇ, ಇಡ್ಲಿ ಬರಲ್ಲ" ಅಂದಳು. ಊರಿನಲ್ಲಿ ಎರಡು ಕೈ ಸಾಲದೆ ಒಂದು ಬೆಳೆ ಹುಳ ಆಗಲೇ ಹಾಳಾಗಿತ್ತು. ದನ ಮಾರಿಯಾಗಿತ್ತು. ಅಳದೆ, ಸಂತೆಗೆ ಹೋಗಿ ಬಂದ ಹಾಗೆ ಹೇಳಿದಳು. ನನಗೆ ಅತ್ತಿದ್ದರೇ ಮೇಲಿತ್ತು ಅನ್ನಿಸಿತು.

ಸಾಹೇಬರು ಅಯ್ಯೋ ಪಾಪ ಅನ್ನಲಿಲ್ಲ. ಹಾಗನ್ನುವುದು ಅವರಿಗೆ ಬರುತ್ತಲೂ ಇರಲಿಲ್ಲ. ಅಲ್ಲೇ ನಿಂತು ಪಾಠ ಶುರು ಮಾಡಿದರು. ತಾವು ರೂಮಿನ ಓನರಂತೆ, ಜಯಮ್ಮ ಬಾಡಿಗೆಗೆ ಬಂದವಳಂತೆ. ಅವರು ಮೀಸೆ ಇಲ್ಲದ ಮೂತಿಯಲ್ಲಿ ಮೀಸೆ ತಿರುವಿ ಒಂದು ಮೊತ್ತ ಹೇಳಿದರು. ಜಯಮ್ಮ, ಆಗಲಿ ಬುದ್ಧಿ, ಅಂದಳು. ಸಾಹೇಬರು ತಲೆ ಚಚ್ಚಿಕೊಂಡರು. ಎರಡನೇ ಸಲಕ್ಕೆ ನಗಬೇಕೆಂದು ಹೇಳಿಕೊಟ್ಟರೆ ಅವಳು ಬೆಲೆ ಕೇಳುವ ಮುಂಚೆಯೇ ನಕ್ಕಳು. ಕೊನೆಗೆ ಚೈತ್ರ ಕುರ್ಚಿಯಿಂದ ಇಳಿದು, ಅವ್ವ ನೀ ಸರಿ, ನಾ ಆಡ್ತೀನಿ ಎಂದು ಮುಂದೆ ಬಂದಳು. ಓನರು ಹೇಳಿದ ಬೆಲೆಗೆ ಒಂದು ಸಲ ನಕ್ಕು, ಫ್ಯಾನಿನ ಕಡೆ ನೋಡಿ, ಇದು ತಿರುಗುತ್ತಾ ಎಂದು ಕೇಳಿದಳು. ಸಾಹೇಬರು ನನ್ನ ಕಡೆ ತಿರುಗಿ, ಐವತ್ತು ವರ್ಷ ಕಾದಿದ್ದಕ್ಕೆ ಒಬ್ಬರು ಸಿಕ್ಕರು ಎಂದರು.

ಮುಂದಿನ ಸಲ ಜಯಮ್ಮ ಬಂದದ್ದು ಕೆಂಡವಾಗಿ. ಪಾಠದ ಪ್ರಕಾರ ಬೆಲೆ ಕೇಳಿ ನಕ್ಕಿದ್ದಾಳೆ, ಪಕ್ಕಕ್ಕೆ ನೋಡಿದ್ದಾಳೆ, ಎದ್ದು ಬ್ಯಾಗು ಹಿಡಿದು ಮಗಳ ಜೊತೆ ಹೊರಗೆ ನಡೆದಿದ್ದಾಳೆ. ಬೀದಿ ಕೊನೆವರೆಗೆ ಹೋದರೂ ಯಾರೂ ಕರೆಯಲಿಲ್ಲ. ಬಿಸಿಲಲ್ಲಿ ನಿಂತು ಕಾದು, ಮರ್ಯಾದೆ ಬಿಟ್ಟು ವಾಪಸು ಹೋಗಿ ಅದೇ ಬೆಲೆಗೆ ಒಪ್ಪಿಕೊಂಡು ಬಂದಿದ್ದಾಳೆ. ಸಾಹೇಬರು ಗಲ್ಲ ಕೆರೆದುಕೊಂಡು, ಎದ್ದು ಹೋಗುವ ಮುಂಚೆ ಪಕ್ಕದಲ್ಲಿ ಇನ್ನೊಂದು ಅಂಗಡಿ ಇದೆಯೋ ನೋಡಿಕೋಬೇಕು, ಅದನ್ನು ಹೇಳುವುದು ಮರೆತೆ ಎಂದರು. ಜಯಮ್ಮ ಬೈದ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ. ಸಾಹೇಬರು ಕೈಕಟ್ಟಿ ಕೇಳಿಸಿಕೊಂಡು, ಇದೇ ದನಿ, ಇದನ್ನೇ ಓನರಿನ ಹತ್ತಿರ ತೆಗೆಯಬೇಕಿತ್ತು ಎಂದು ಮೆಚ್ಚಿಕೊಂಡರು.

ಆ ದನಿ ಒಮ್ಮೆ ಹೊರಬಂದದ್ದು ಮತ್ತೆ ಒಳಗೆ ಹೋಗಲಿಲ್ಲ. ಕನಕಪುರದ ಕಡೆಯಿಂದ ಮಗುವನ್ನು ಕರೆತಂದಿದ್ದ ಇನ್ನೊಬ್ಬ ತಾಯಿಯನ್ನು ಜೊತೆ ಮಾಡಿಕೊಂಡು, ಒಂದೇ ರೂಮನ್ನು ಇಬ್ಬರೂ ಹಂಚಿಕೊಂಡು, ಬಾಡಿಗೆ ಅರ್ಧಕ್ಕೆ ಇಳಿಸಿದಳು. ಸ್ಟವ್ ಇಟ್ಟುಕೊಳ್ಳಲು ಒಪ್ಪಿಸಿದಳು. ಆಸ್ಪತ್ರೆ ಮುಂದಿನ ಆಟೋದವರು ಅವಳನ್ನು ಕಂಡರೆ ಮೀಟರು ಹಾಕುತ್ತಿದ್ದರಂತೆ, ಇದು ಅವಳದೇ ಮಾತು, ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಅದೇ ಜೋರಿನಲ್ಲಿ ಒಂದು ದಿನ ಡಾಕ್ಟರಮ್ಮನ ಹತ್ತಿರವೂ ಬಾಯಿ ಬಿಟ್ಟಳು. ಬೆನ್ನಿಗೆ ಹಾಕುವ ಸೂಜಿ ಇನ್ನೂ ನಾಲ್ಕು ಬಾಕಿ ಇದೆ ಅಂದರೆ, ಮೂರಕ್ಕೆ ಮುಗಿಸಿಕೊಡಿ ಮೇಡಂ ಅಂದಳಂತೆ.

ಇದನ್ನು ಕೇಳಿ ಸಾಹೇಬರು ಮೊದಲ ಸಲ ರೇಗಿದರು. ಬೆಲೆಗೆ ಚೌಕಾಸಿ ಮಾಡು, ಮದ್ದಿಗೆ ಮಾಡಬೇಡ, ಅವರು ನಾಲ್ಕು ಅಂದರೆ ನಾಲ್ಕೇ ಎಂದು ಹೊಸಿಲಾಚೆ ನಿಂತು ಕೂಗಾಡಿದರು. ನಾನು ಮೈಕು ಆರಿಸಿ, ಬಿ.ಪಿ. ಮಾತ್ರೆಗೆ ಮಾಡಬಹುದಾ ಸಾಹೇಬ್ರೇ ಎಂದು ಕೇಳಿದೆ. ಅವರಿಗೆ ಇದ್ದಕ್ಕಿದ್ದಂತೆ ಹೊರಗೆ ಯಾರೋ ಕರೆದಂತಾಯಿತು.

ದೊಡ್ಡ ಚಿಕಿತ್ಸೆ ಮುಗಿದು ಚೈತ್ರ ಊರಿಗೆ ಬಂದಳು. ಕೂದಲು ಬಂತು, ಕೆನ್ನೆ ತುಂಬಿತು. ಇನ್ನು ಮನೆಯಲ್ಲೇ ದಿನಾ ಮಾತ್ರೆ, ತಿಂಗಳಿಗೊಮ್ಮೆ ಆಸ್ಪತ್ರೆ, ಹೀಗೆ ಎರಡು ವರ್ಷ. ನಡುವೆ ಬಿಟ್ಟರೆ ಕಾಯಿಲೆ ತಿರುಗಿ ಬರಬಹುದು, ಬಂದರೆ ಈಗಿನಷ್ಟು ಸುಲಭಕ್ಕೆ ಬಗ್ಗುವುದಿಲ್ಲ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿ ಕಳಿಸಿದ್ದರು. ಕೆಲವು ತಿಂಗಳು ಹೋಗಿಬಂದರು. ಆಮೇಲೊಂದು ದಿನ ಪುಟ್ಟಸ್ವಾಮಿ ನನ್ನ ಬಾಗಿಲಲ್ಲಿ ನಿಂತು, ಇನ್ನು ಹೋಗಲ್ಲ ಎಂದ. ಗೂಡು ಮಾರಿದ ಬೆಲೆಯನ್ನು ಒಪ್ಪಿಕೊಳ್ಳುವಾಗಿನ ಅದೇ ದನಿ.

ಜಯಮ್ಮ ಗೋಡೆ ನೋಡುತ್ತಿದ್ದಳು. ಬೆಂಗಳೂರನ್ನೇ ಬಗ್ಗಿಸಿ ಬಂದವಳೂ ಗಂಡನ ಜೊತೆ ಚೌಕಾಸಿಗೆ ಇಳಿಯಲಿಲ್ಲ, ಯಾಕೆಂದರೆ ಅವನ ಲೆಕ್ಕ ತಪ್ಪಿರಲಿಲ್ಲ. ಒಂದು ಸಲ ಹೋಗಿಬಂದರೆ ಎರಡು ದಿನ. ಆ ಎರಡು ದಿನ ಬಂದು ಸರಿಯಾಗಿ ಹುಳ ಹಣ್ಣಾಗಿ ಗೂಡು ಕಟ್ಟಲು ತಯಾರಾಗುವ ಹೊತ್ತಿಗೇ ಬೀಳುತ್ತಿತ್ತು. ಹಣ್ಣಾದ ಹುಳವನ್ನು ಆಗಿಂದಾಗಲೇ ಆರಿಸಿ ಚಂದ್ರಿಕೆಯೆಂಬ ಬಿದಿರಿನ ತಟ್ಟಿಗೆ ಬಿಡಬೇಕು, ಇಲ್ಲದಿದ್ದರೆ ಸಿಕ್ಕಸಿಕ್ಕಲ್ಲಿ ನೂಲು ಸುತ್ತಿ ಹಾಳಾಗುತ್ತದೆ. ಕೂಲಿಗೆ ಕರೆದರೆ ಕೂಲಿ ಕೊಡಬೇಕು. ಅರ್ಧ ತೋಟ ಆಗಲೇ ಭೋಗ್ಯಕ್ಕೆ ಹೋಗಿತ್ತು, ಇನ್ನರ್ಧವೂ ಹೋದರೆ ಗತಿಯೇನು? ತಿರುಗಿ ಬರುತ್ತದೆಂದು ಡಾಕ್ಟರಮ್ಮ ಹೇಳಿದ್ದು ನೆನಪಿಲ್ಲವೇ ಎಂದು ನಾನು ಸಿಡುಕಿದೆ.

"ನೆಪ್ಪೈತೆ ಮೇಡಂ. ಮಗು ಉಳ್ಕಂಡ್ರೆ ಅದ್ಕೆ ಉಣ್ಣಾಕಿಕ್ಬೇಕಲ್ಲ. ಅದ್ನ ಯಾರೂ ಏಳಲ್ಲ."

ಸಾಹೇಬರು ಹೊಸಿಲ ಹತ್ತಿರ ಬಂದು ನಿಂತಿದ್ದರು. ಎಷ್ಟು ಸಲ ಬರಬೇಕಂತೆ ಎಂದು ಕೇಳಿದರು. ಇನ್ನೂ ಸುಮಾರು ಒಂದೂವರೆ ವರ್ಷ, ತಿಂಗಳು ತಿಂಗಳು ಎಂದ ಪುಟ್ಟಸ್ವಾಮಿ. ಸಾಹೇಬರು ತಲೆ ಆಡಿಸಿ, ಅದು ಜಾಸ್ತಿಯೇ ಆಯಿತು, ಅಷ್ಟು ಯಾರು ಕೊಡ್ತಾರಪ್ಪ ಎಂದುಬಿಟ್ಟರು. ನನಗೆ ಮೈಕು ಕಿತ್ತು ಅವರ ತಲೆಗೆ ಎಸೆಯುವಷ್ಟು ಕೋಪ ಬಂತು.

"ಬರೋ ತಿಂಗಳದ್ದು ಕೊಡು," ಎಂದರು ಆಮೇಲೆ. "ಒಂದೇ ಒಂದು. ಮಿಕ್ಕಿದ್ದು ಕೇಳಿದ್ರೆ ನನ್ನ ಕೇಳು."

ಪುಟ್ಟಸ್ವಾಮಿ ಅವರ ಮುಖವನ್ನೇ ನೋಡಿದ. ಹೆಂಡತಿ ಮಗಳು ಮನೆಯಲ್ಲಿ ದಿನಾ ಈ ಆಟ ಆಡುವುದನ್ನು ಅವನೂ ನೋಡಿರಬೇಕು. ಜನ್ಮದಲ್ಲಿ ಮೊದಲ ಸಲ ಚೌಕಾಸಿಗೆ ಬಾಯಿ ಬಿಟ್ಟ.

"ಕೊಟ್ರೆ ನೀವೇನ್ ಕೊಟ್ಟೀರಿ?"

ನನ್ನ ಪಕ್ಕದಲ್ಲಿ ಕೂತಿದ್ದ ಚೈತ್ರ ಚಪ್ಪಾಳೆ ತಟ್ಟಿದಳು. ಸಾಹೇಬರು ಜೇಬಿನ ಕಡೆ ಕೈ ತಂದದ್ದೇ ತಡ, ಅವನ ಮುಖ ಗಂಟಿಕ್ಕಿತು, ಭಿಕ್ಷೆ ಬೇಡ ಎಂದ. ತಾನು ಬೀಡಿ ತೆಗೆಯಲು ಹೋದದ್ದು, ದುಡ್ಡು ಕೊಡಲು ತನಗೇನು ತಲೆ ಕೆಟ್ಟಿದೆಯಾ ಎಂದು ಸಾಹೇಬರು ಬೀಡಿ ತೋರಿಸಿದರು. ಅದು ನಿಜವೂ ಇರಬಹುದು. ಆಗ ಪುಟ್ಟಸ್ವಾಮಿ ಅವರನ್ನು ಅಡಿಯಿಂದ ಮುಡಿವರೆಗೆ ಅಳೆದು, ಹುಳ ಹಣ್ಣಾಗುವ ದಿನ ಜಯಮ್ಮ ಆಸ್ಪತ್ರೆಯಲ್ಲಿರುತ್ತಾಳೆ, ಅವಳ ಬದಲು ನೀವು ಬಂದು ಹುಳ ಆರಿಸಬೇಕು ಎಂದ.

ಸಾಹೇಬರ ಮುಖ ಬಿಳಿಚಿಕೊಂಡಿತು. ಮಾರುಕಟ್ಟೆಯಲ್ಲಿ ಕೆಲವರಿಗಷ್ಟೇ ಗೊತ್ತಿದ್ದ ಗುಟ್ಟು ಅದು. ರೇಷ್ಮೆಯಲ್ಲೇ ಹುಟ್ಟಿ ಬೆಳೆದ ಈ ಮನುಷ್ಯನಿಗೆ ಬದುಕಿರುವ ಹುಳ ಕಂಡರೆ ಮೈ ನಡುಗುತ್ತಿತ್ತು. ಗೂಡಿನೊಳಗೆ ಸುಮ್ಮನಿರುವ ಹುಳದ ಜೊತೆ ಅವರದ್ದು ಜೀವಮಾನದ ಸ್ನೇಹ. ಕೈಮೇಲೆ ಹರಿದಾಡುವ ಹುಳ ಅಂದರೆ ಹಾವಿಗಿಂತ ಹೆಚ್ಚು ಭಯ. ತಕ್ಷಣ ಚೌಕಾಸಿಗೆ ಇಳಿದರು. ತಮ್ಮಲ್ಲಿ ನೂಲು ತೆಗೆಯುವ ಇಬ್ಬರನ್ನು ಕಳಿಸುತ್ತೇನೆ ಎಂದರು.

"ಅವ್ರೂ ಬರ್ಲಿ. ನೀವೂ ಬನ್ನಿ."

"ಅರ್ಧ ದಿನ."

"ಇಡೀ ದಿನ. ಬೀಡಿ ಸೇದಂಗಿಲ್ಲ, ಆ ವಾಸ್ನೆಗೆ ಉಳ ಸಾಯ್ತವೆ. ಇವತ್ನಿಂದ್ಲೇ ಬುಡಿ."

"ತಾತ, ಎದ್ದು ಹೋಗಿ ನೋಡು," ಎಂದಳು ಚೈತ್ರ ಒಳಗಿನಿಂದ, "ಅಪ್ಪ ಕರೀತಾನೇನೋ."

ಸಾಹೇಬರು ಎದ್ದು ಹೋಗಲಿಲ್ಲ. ಬೀಡಿ ಕಟ್ಟನ್ನು ನನ್ನ ಮೇಜಿನ ಮೇಲೆ ಎಸೆದು ಪುಟ್ಟಸ್ವಾಮಿಗೆ ಕೈ ಕೊಟ್ಟರು. ಅಷ್ಟು ವರ್ಷದಲ್ಲಿ ಅವರು ಕೇಳಿದ ಬೆಲೆಗೆ ಒಪ್ಪಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಹುಳ ಆರಿಸಿದ ದಿನದ ಕಥೆಯನ್ನು ನನಗೆ ಬೇರೆ ಬೇರೆಯವರು ಬೇರೆ ಬೇರೆ ಥರ ಹೇಳಿದ್ದಾರೆ. ಎಲ್ಲರೂ ಒಪ್ಪುವ ಭಾಗ ಇಷ್ಟು. ಸಾಹೇಬರು ಹೆಂಡತಿಯ ದುಪಟ್ಟಾವನ್ನು ಮುಖಕ್ಕೆ ಸುತ್ತಿಕೊಂಡು, ಕೈಗೆ ಪ್ಲಾಸ್ಟಿಕ್ ಕವರು ಕಟ್ಟಿಕೊಂಡು ಹುಳದ ಮನೆಗೆ ಕಾಲಿಟ್ಟರು. ಮೊದಲ ಹುಳ ಬೆರಳಿಗೆ ತಾಗಿದಾಗ ಅವರು ಕೂಗಿದ ಕೂಗು ಹಳೆಯ ಹರಾಜಿನ ಕೂಗನ್ನು ಮೀರಿಸಿತು. ಊರಿನ ಹೆಂಗಸರು ಏನಾಯಿತೋ ಎಂದು ಓಡಿಬಂದರು. ನೋಡಿದರೆ ಬಿಳಿ ಗಡ್ಡದ ಯಜಮಾನರು ಚಂದ್ರಿಕೆ ಹಿಡಿದು ನಡುಗುತ್ತಿದ್ದಾರೆ, ಒಂದು ಹುಳ ಅವರ ಟೋಪಿಯ ಮೇಲೆ ಆಗಲೇ ಗೂಡು ಕಟ್ಟಲು ಶುರು ಮಾಡಿದೆ. ಬಿದ್ದು ಬಿದ್ದು ನಕ್ಕರು. ನಗಲು ಬಂದವರು ಹಣ್ಣಾದ ಹುಳ ಹಾಳಾಗುವುದನ್ನು ನೋಡಿಕೊಂಡು ಸುಮ್ಮನೆ ನಿಲ್ಲುವುದುಂಟೆ? ನಗುತ್ತಲೇ ಕೂತು ಆರಿಸತೊಡಗಿದರು. ಜನ ಕಮ್ಮಿಯಾದಂತೆ ಸಾಹೇಬರ ಕೂಗು ಜೋರಾಗುತ್ತಿತ್ತು, ಕೂಗು ಕೇಳಿ ಇನ್ನೂ ನಾಲ್ವರು ಬರುತ್ತಿದ್ದರು ಎಂದು ಅವರ ಜೊತೆ ಹೋಗಿದ್ದ ಕೆಲಸದವನು ನನಗೆ ಕಣ್ಣು ಹೊಡೆದು ಹೇಳಿದ. ಸಂಜೆಗೆ ಅಷ್ಟೂ ಹುಳ ಚಂದ್ರಿಕೆಯ ಮೇಲಿತ್ತು.

ಅದಾದ ಮೇಲೆ ಅದು ಊರಿನ ಮುಯ್ಯಾಳು ಲೆಕ್ಕಕ್ಕೆ ಸೇರಿಕೊಂಡಿತು. ಇವರ ಹುಳ ಹಣ್ಣಾದಾಗ ಅವರು ಬರುವುದು, ಅವರದು ಆದಾಗ ಜಯಮ್ಮ ಹೋಗುವುದು. ಕೂಲಿಯೂ ಇಲ್ಲ, ಋಣವೂ ಇಲ್ಲ. ಇಷ್ಟು ದಿನ ಯಾಕೆ ಯಾರೂ ಬರಲಿಲ್ಲ ಎಂದು ನಾನು ಕೇಳಿದ್ದಕ್ಕೆ ಜಯಮ್ಮ, ನಾವೂ ಕರೆಯಲಿಲ್ಲ, ಕಾಯಿಲೆ ಮನೆಗೆ ಕರೆಯದೆ ಹೋಗುವುದು ಹೇಗೆ ಎಂದು ಅವರೂ ಸುಮ್ಮನಿದ್ದರು ಎಂದಳು.

ಆ ಗೂಡು ಮಾರುಕಟ್ಟೆಗೆ ಬಂದ ದಿನ ನನಗೆ ಕುತೂಹಲ. ಈ ಲಾಟಿಗಾದರೂ ಸಾಹೇಬರು ಕೈ ಬಿಚ್ಚುತ್ತಾರೇನೋ ಎಂದು ಕಾದೆ. ಎಲ್ಲರಿಗಿಂತ ಕಡಿಮೆ ಒತ್ತಿದ್ದು ಅವರೇ. ಅದನ್ನು ಮುಚ್ಚಿಡಲೂ ಇಲ್ಲ, ಕಿಟಕಿಗೆ ಬಂದು ತಾವೇ ಹೇಳಿದರು. ನಾಚಿಕೆ ಆಗಲ್ವಾ ಎಂದು ಕೇಳಿದೆ. ಹುಳ ಆರಿಸಿದವನಿಗೆ ಕೆಲಸ ಗೊತ್ತಿಲ್ಲ ಮೇಡಂ, ನಾನೇ ಕಣ್ಣಾರೆ ನೋಡಿದ್ದೀನಿ, ಇದಕ್ಕೆ ಇನ್ನೆಷ್ಟು ಕೊಡೋದು ಎಂದು ನನ್ನನ್ನೇ ಕೇಳಿದರು.

ಮುಂದಿನ ತಿಂಗಳೂ ಒಂದೇ ಒಂದು. ಅದರ ಮುಂದಿನ ತಿಂಗಳೂ ಒಂದೇ ಒಂದು. ಪುಟ್ಟಸ್ವಾಮಿಯ ಬೆಲೆ ಪ್ರತಿ ತಿಂಗಳು ಬದಲಾಗುತ್ತಿತ್ತು. ಒಂದು ಸಲ ಅವರು ತಿಂಗಳಿಡೀ ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡಬಾರದು ಎಂದ. ಹದಿನೈದು ದಿನಕ್ಕೇ ಸಾಹೇಬರು ಸೊರಗಿದರು, ಸೊಪ್ಪಿನವಳು ಅವರಿಗಿಂತ ಸೊರಗಿದಳು. ಇನ್ನೊಂದು ಸಲ ಬೆಲೆ ಹೇಳಿದ್ದು ಚೈತ್ರ. ನಾನೂ ಮಾತ್ರೆ ನುಂಗ್ತೀನಿ, ನೀನೂ ಡಾಕ್ಟರು ಬರೆದಷ್ಟು ನುಂಗು ಎಂದಳು. ಸಾಹೇಬರು ಎಲ್ಲಕ್ಕೂ ಒಪ್ಪಿದವರು ಅದಕ್ಕೆ ಮಾತ್ರ ಮಗುವಿನ ಹತ್ತಿರ ಕೂತು ಎಳೆದಾಡಿ ಒಂದೂಮುಕ್ಕಾಲಿಗೆ ನಿಲ್ಲಿಸಿದರು. ನನ್ನ ಸಿಟ್ಟು ಸುಮ್ಮಸುಮ್ಮನೆ ಬಂದದ್ದಲ್ಲ.

ಒಂದು ತಿಂಗಳು ಸಾಹೇಬರು ಮಾಗಡಿಯಲ್ಲಿ ನೆಂಟರ ಮದುವೆಗೆ ಹೋಗಿ ಅಲ್ಲೇ ಉಳಿದುಕೊಂಡರು. ಪುಟ್ಟಸ್ವಾಮಿ ಗೂಡು ಮಾರಿ, ದುಡ್ಡು ಖಾತೆಗೆ ಬಿದ್ದ ಮೇಲೂ ನನ್ನ ಬಾಗಿಲಲ್ಲೇ ಕೂತಿದ್ದ. ಟೆಂಪೋದವನು ಹಾರನ್ನು ಹೊಡೆದು ಹೊಡೆದು ಸುಸ್ತಾದ. ಯಾಕಪ್ಪ ಎಂದರೆ, ಸಾಬ್ರು ಬರ್ಲಿ ಎಂದ. ಅವರು ಬಂದರೂ ಬರದಿದ್ದರೂ ಆಸ್ಪತ್ರೆಗೆ ಹೋಗಬೇಕಲ್ಲವೇ ಎಂದೆ. ಕೇಳದೆ ಹೆಂಗ್ ಕೊಡೋದು ಮೇಡಂ, ಎಂದು ನೆಲ ನೋಡಿದ. ಸಂಜೆ ಹೊತ್ತಿಗೆ ಸಾಹೇಬರು ಬಸ್ಸಿಳಿದು ಬಂದು ಕೇಳಿದರು, ಅವನು ಕೊಟ್ಟ. ಆವತ್ತು ಅವನು ಬೆಲೆ ಹೇಳಲೂ ಮರೆತ. ಆದರೆ ನನ್ನೊಳಗೆ ಒಂದು ಭಯ ಹೊಕ್ಕಿತು. ಈ ಮುದುಕ ಕೇಳುವುದು ನಿಂತರೆ ಇವನು ಹೋಗುವುದೂ ನಿಂತೀತು ಎಂದು.

ನಿಂತೇ ಹೋಯಿತು. ಇನ್ನೂ ಏಳೆಂಟು ತಿಂಗಳ ಮಾತ್ರೆ ಬಾಕಿ ಇರುವಾಗ, ಒಂದು ಮಳೆಯ ಬೆಳಿಗ್ಗೆ, ನೂಲು ತೆಗೆಯುವ ಕಡೆ ಬಿಸಿನೀರಿನ ಹಬೆಯ ಮಧ್ಯೆ ಯಾರನ್ನೋ ಬೈಯುತ್ತ ನಿಂತವರು ಹಾಗೆಯೇ ಕುಸಿದರು. ಆಸ್ಪತ್ರೆ ತಲುಪುವ ಮುಂಚೆಯೇ ಎಲ್ಲ ಮುಗಿದಿತ್ತು. ಅವತ್ತೇ ಚೈತ್ರಳ ಆಸ್ಪತ್ರೆಯ ದಿನ. ಆ ತಿಂಗಳದ್ದನ್ನು ಹಿಂದಿನ ವಾರವೇ ಕೇಳಿ ತೆಗೆದುಕೊಂಡಿದ್ದರು.

ಪುಟ್ಟಸ್ವಾಮಿಗೆ ಫೋನು ಮಾಡಿದ್ದು ನಾನು. ಅವನ ಹಿಂದೆ ಜನರ ಗದ್ದಲ, ಯಾವುದೋ ನಂಬರು ಕೂಗುವುದು ಕೇಳುತ್ತಿತ್ತು. ಬೆಂಗಳೂರಿನಲ್ಲಿದ್ದೇವೆ, ಸರತಿಯಲ್ಲಿ ಕೂತಿದ್ದೇವೆ ಎಂದ. ಈಗಲೇ ಹೊರಟರೆ ಮಣ್ಣಿಗೆ ಸಿಗಬಹುದು ಎಂದೆ, ಹೇಳಬೇಕಾದ್ದು ಹೇಳಬೇಕಲ್ಲ.

"ಬರಲ್ಲ ಮೇಡಂ," ಎಂದ. "ಕೊಟ್ಟ ಮಾತು ಬುಟ್ಟು ಬಂದ್ರೆ ಆಯಪ್ಪ ಎದ್ದು ಕೂತ್ಕಂಡು ಬೈತಾನೆ."

ಸಾಹೇಬರ ಮನೆ ಮುಂದೆ ಬೆಂಚು ಹಾಕಿ ಮಾರುಕಟ್ಟೆಯ ಅರ್ಧ ಜನ ಕೂತಿದ್ದರು. ಕೊತ್ತಂಬರಿಯವಳು ಸೊಪ್ಪಿನ ಪುಟ್ಟಿ ಸಮೇತ ಬಂದು ಮೂಲೆಯಲ್ಲಿ ಅಳುತ್ತಿದ್ದಳು. ವಿರೂಪಾಕ್ಷಿಪುರದವನು ಕಾಣುತ್ತಿಲ್ಲವಲ್ಲ, ಅವನ ಮನೆ ಹುಳಕ್ಕೆ ಹೋಗಿ ಮಾನ ಕಳೆದುಕೊಂಡ ಮನುಷ್ಯ, ಅಂಥವರಿಗೆ ಮಣ್ಣು ಹಾಕಲೂ ಬರಲಿಲ್ಲವಲ್ಲ ಎಂದು ಒಬ್ಬಿಬ್ಬರು ಆಡಿಕೊಂಡರು. ನಮ್ಮ ಕಡೆ ಮದುವೆಗೆ ಬರದಿದ್ದರೆ ಕ್ಷಮಿಸುತ್ತಾರೆ, ಮಣ್ಣಿಗೆ ಬರದವನನ್ನು ಕ್ಷಮಿಸುವುದಿಲ್ಲ. ಉತ್ತರ ನನ್ನ ಬಾಯಿ ತುದಿಯಲ್ಲೇ ಇತ್ತು. ಆಡಿಕೊಳ್ಳಲಿ ಬಿಡು ಎಂದು ಒಳಗೆ ಹೋದೆ.

ಸಾಹೇಬರ ಹೆಂಡತಿ ಗೋಡೆಗೊರಗಿ ಕೂತಿದ್ದರು. ಬೆಳಗಿನಿಂದ ಕಣ್ಣಲ್ಲಿ ಒಂದು ಹನಿ ಬಂದಿಲ್ಲ ಎಂದು ಸೊಸೆ ಹೇಳಿದಳು. ನಾನು ಹೋಗಿ ಪಕ್ಕದಲ್ಲಿ ಕೂತೆ. ಅವರ ಕೈ ಹಿಡಿದುಕೊಂಡೆ. ಅವರಿಗೆ ನನ್ನ ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ಮೈಕಿನ ಮೇಡಂ ಅಲ್ವಾ?" ಎಂದರು. "ಆ ಬಚ್ಚೀದು ಇವತ್ತೇ ಅಲ್ವಾ ಆಸ್ಪತ್ರೆ? ಹೋದ್ಲಾ?"

"ಹೋಗಿದ್ದಾಳೆ ಅಮ್ಮ. ಅಪ್ಪ ಅವ್ವ ಇಬ್ಬರೂ ಕರ್ಕೊಂಡು ಹೋಗಿದ್ದಾರೆ."

"ಇಬ್ರೂನಾ? ಹುಳ?"

"ಊರಿನವರು ನೋಡ್ಕೋತಿದ್ದಾರಂತೆ."

ಅವರು ತಲೆಯಾಡಿಸಿದರು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತರು, ನಾನೂ ಅತ್ತೆ.

ಅದರ ಮುಂದಿನ ತಿಂಗಳದ್ದನ್ನು ಯಾರೂ ಕೇಳಲಿಲ್ಲ. ಕೇಳೋಣವೆಂದು ನಾನು ಪುಟ್ಟಸ್ವಾಮಿಗೆ ಫೋನು ಮಾಡಿದಾಗ ಅವರು ಆಗಲೇ ಬೆಂಗಳೂರಿನ ರೈಲಿನಲ್ಲಿದ್ದರು.